ನಮ್ಮ ನೆಮ್ಮದಿಗಾಗಿ ತಾವು ಜಡಿದ ಬೀಗ

ಮಾನ್ಯ ಬಡಾವಣೆ ಅಧಿಕಾರಿಗಳೇ,

ನಮ್ಮ ಬಡಾವಣೆಯ ಮಸೀದಿಯ ಹಿಂಬಾಗಿಲಿಗೆ ತಾವು ಬೀಗ ಜಡಿಸಿದ್ದೀರಿ. 'ನೆರೆಮನೆಯವರ ನೆಮ್ಮದಿ ಹಾಗೂ ಸುರಕ್ಷತೆಯ ಹಿತದೃಷ್ಟಿಯಿಂದ' ಎಂಬ ಫಲಕ ಬೇರೆ. ಆ ಗೋಡೆಗೆ ತಾಗಿರುವುದು ಒಂದೇ ಮನೆ. ಅದರಲ್ಲಿರುವವರು ನಾನು ಮತ್ತು ನನ್ನ ಅತ್ತೆ. ನಮ್ಮ ನೆಮ್ಮದಿ ಕೆಟ್ಟ ಸುದ್ದಿ ನಮಗಿಂತ ಮೊದಲು ತಮಗೆ ಮುಟ್ಟಿದ್ದು ಹೇಗೆ?

ನಮ್ಮದು ಸ್ಕೂಟರ್ ಕೂಡ ಹೊಟ್ಟೆ ಎಳೆದುಕೊಂಡು ನುಗ್ಗಬೇಕಾದ ಓಣಿ. ಮುಖ್ಯರಸ್ತೆಗೆ ಹೋಗಲು ಮಸೀದಿಯವರು ತಮ್ಮ ಅಂಗಳವನ್ನೇ ಬಿಟ್ಟುಕೊಟ್ಟಿದ್ದರು. ತರಕಾರಿ ಚೀಲ, ಗ್ಯಾಸ್ ಸಿಲಿಂಡರು, ನಮ್ಮತ್ತೆಯ ಗೊಣಗಾಟ ಎಲ್ಲವೂ ಆ ಬಾಗಿಲಿನಿಂದಲೇ ಹಾಯುತ್ತಿದ್ದವು. ತೆರೆಯಿರೆಂದು ಮಸೀದಿಯವರೂ ಬೇಡಿದರು, ನಾನೂ ಬೇಡಿದೆ. ತಮ್ಮ ಗುಮಾಸ್ತರು ನನ್ನನ್ನು ಕನಿಕರದಿಂದ ನೋಡಿ, ಹೆದರಬೇಡಿ, ಯಾರೋ ನಿಮ್ಮಿಂದ ಹೀಗೆ ಹೇಳಿಸುತ್ತಿದ್ದಾರೆಂದು ನಮಗೆ ಗೊತ್ತು ಎಂದರು. ಮೂಗಿಗಿಂತ ಮೂಗುತಿ ಭಾರವೆಂದರೆ ಇದೇ ಇರಬೇಕು.

ಕಳೆದ ತಿಂಗಳು ಒಂದು ಮಧ್ಯಾಹ್ನ ಅತ್ತೆಗೆ ಉಸಿರು ಕಟ್ಟಿತು. ಆಂಬುಲೆನ್ಸ್ ಓಣಿಗೆ ನುಗ್ಗಲಾರದೆ ಮುಖ್ಯರಸ್ತೆಯಲ್ಲಿ, ಮಸೀದಿಯ ಮುಂದೆ ನಿಂತಿತು. ನಡುವೆ ತಮ್ಮ ಬೀಗ. ನಾನು ಗೋಡೆಯಾಚೆ ಕೂಗಿದೆ. ನಮಾಜು ಮುಗಿಸಿ ಹೊರಡುತ್ತಿದ್ದ ಡ್ರೈವಿಂಗ್ ಕಲಿಸುವಾತ ಮತ್ತು ಕನ್ನಡಕದಂಗಡಿಯವರು ಏಣಿ ಹಾಕಿ ಈಚೆಗಿಳಿದರು. ಬೀಗ ಒಡೆಯೋಣ ಎಂದೆ.

"ಬೇಡಕ್ಕ. ನೀವು ಒಡೆದ್ರೂ ನಾಳೆ ನಮ್ಮ ತಲೆಗೇ ಬರುತ್ತೆ," ಎಂದ ಡ್ರೈವಿಂಗಿನಾತ.

ಹೀಗಾಗಿ, ಕಾನೂನಿಗೆ ಒಂದು ಗೀರೂ ಬೀಳದಂತೆ, ಅತ್ತೆಯನ್ನು ಕುರ್ಚಿಗೆ ಕಟ್ಟಿ ಗೋಡೆ ದಾಟಿಸಿದರು. ತಮ್ಮ ಬೀಗಕ್ಕೆ ಏನೂ ಆಗಲಿಲ್ಲ. ಸಮಾಧಾನವಾಯಿತೇ?

ಚೇತರಿಸಿಕೊಂಡ ಅತ್ತೆ, ಮಸೀದಿಗೆ ಹೋಗಿ ಅವರಿಗೊಂದು ಉಪಕಾರದ ಮಾತು ಹೇಳಿ ಬರಬೇಕೆಂದು ಹಟ ಹಿಡಿದರು. ಸುತ್ತುದಾರಿಯಲ್ಲಿ ಅಲ್ಲಲ್ಲಿ ಕೂತು ಹೋದೆವು. ಇಷ್ಟು ವರ್ಷ ಅಂಗಳ ತುಳಿದವರು ಒಳಗೆ ಕಾಲಿಟ್ಟದ್ದು ಅಂದೇ. ಒಳಗೇನಿದೆಯೆಂದು ತಮಗೆ ಶಂಕೆಯೋ ನಾನರಿಯೆ. ನಾವು ಕಂಡದ್ದು ಸೋರುವ ನಲ್ಲಿ, ಅದನ್ನು ರಿಪೇರಿ ಮಾಡಿಸಬೇಕಾದವನು ನೀನು, ನಾನಲ್ಲ ಎಂದು ಕಿತ್ತಾಡುತ್ತಿದ್ದ ಭಾವ-ಭಾಮೈದ, ಅತ್ತೆಯ ಬೆನ್ನಿಗೆ ದಿಂಬು ತಂದಿಟ್ಟು ಮಂಡಿನೋವಿನ ಕಥೆ ಶುರುಮಾಡಿದ ಹೆಂಗಸರು. ನಮ್ಮಿಂದ ನಿಮಗೇನೂ ತೊಂದರೆಯಿಲ್ಲವೇ ಎಂದು ಅತ್ತೆ ಇಮಾಮರನ್ನು ಕೇಳಿದರು.

"ಇದೆಯಮ್ಮ. ನಮಾಜಿನ ಮಧ್ಯೆ ನಿಮ್ಮ ಕುಕ್ಕರ್ ಕೂಗುತ್ತೆ," ಎಂದರು ಅವರು. "ಏನ್ಮಾಡೋದು, ಅನ್ನ ಬೇಯೋದು ಬೇಡ್ವಾ?"

ಅಂದಿನಿಂದ ಆ ಹೊತ್ತಿಗೆ ಕುಕ್ಕರ್ ಇಡಲು ಅತ್ತೆ ಬಿಡುವುದಿಲ್ಲ. ಊಟ ತಡವಾಗುತ್ತದೆ. ನೆರೆಯವರಿಗಾದ ತೊಂದರೆಯೊಂದು ತಮ್ಮ ಕಡತಕ್ಕೆ ಬೇಕೇ ಬೇಕೆಂದಿದ್ದರೆ ಇದನ್ನು ಬರೆದುಕೊಳ್ಳಬಹುದು.

ಬೀಗದ ಕೈಯನ್ನು ಈ ವಾರದೊಳಗೆ ತಾವೇ ತರಬೇಕು. ಕಾರಿನಲ್ಲಲ್ಲ, ನಮ್ಮ ಓಣಿಯಲ್ಲಿ ನಡೆದು. ಇನ್ನು ಮುಂದೆ ನಮ್ಮ ನೆಮ್ಮದಿಯ ಚಿಂತೆ ಕಾಡಿದರೆ, ದಯಮಾಡಿ ಮೊದಲು ನಮ್ಮ ಕದ ತಟ್ಟಿ ಕೇಳಿ.

ಇಂತಿ,
ತಮ್ಮ ರಕ್ಷಣೆಯಿಂದ ಹೇಗೋ ಪಾರಾದ ನೆರೆಮನೆಯವಳು