ಇವರ ಹೆಸರಿಗೆ ಬಂದ ಮೂರು ಕೆಲಸ

ಜೂನ್ 4, ಬೆಳಿಗ್ಗೆ

ಮತ್ತೆ ಮೇಣ ಕಾಯಿಸಿದ್ದಾಯಿತು. ಅಡುಗೆಮನೆಯ ಕಟ್ಟೆಯೇ ಈಗ ನಮ್ಮ ಕಟ್ಟುಹಲ್ಲಿನ ಲ್ಯಾಬ್. ಒಂದು ಕಡೆ ಹಾಲಿನ ಪಾತ್ರೆ, ಇನ್ನೊಂದು ಕಡೆ ಯಾರದೋ ದವಡೆಯ ಅಚ್ಚು. ತಂಗಿ ಬಂದಿದ್ದಳು. "ಅಕ್ಕಾ, ಲೋಟದಲ್ಲಿ ಹಲ್ಲು ಗಿಲ್ಲು ಇಲ್ಲ ತಾನೆ?" ಅಂದಳು. ನಮ್ಮ ಲ್ಯಾಬ್ ಮುಚ್ಚಿದ ಮೇಲೆ ಇವರು ನಕ್ಕಿದ್ದು ಇದೇ ಮೊದಲು.

ಗಂಡ ಹೆಂಡತಿ ಇಬ್ಬರೂ ಮೂರು ಕಡೆ ಅರ್ಜಿ ಹಾಕಿದ್ದೇವೆ — ಒಂದು ಆಸ್ಪತ್ರೆ, ಒಂದು ತರಬೇತಿ ಶಾಲೆ, ಒಂದು ದೊಡ್ಡ ಲ್ಯಾಬ್. ಒಂದೊಂದು ಕಡೆಗೂ ಒಬ್ಬೊಬ್ಬರೂ ಮೇಣದಲ್ಲಿ ಕೈಯಾರೆ ಹಲ್ಲು ಕೂರಿಸಿದ ಸೆಟ್ ಕಳಿಸಬೇಕಂತೆ. ಇವರು ಆಗಲೇ ಕೂತಿದ್ದಾರೆ. ಬಲಗೈ ನಡುಗುತ್ತಿದೆ. ಎಡಗೈಯಿಂದ ಅದನ್ನು ಒತ್ತಿ ಹಿಡಿದುಕೊಂಡಿದ್ದಾರೆ. ನನಗೆ ಈ ಕೆಲಸ ಕಲಿಸಿದ ಕೈ ಅದು... ನೋಡಲಾಗದೆ ಬಟ್ಟೆ ಒಣಹಾಕಲು ಹೋದೆ.

ಜೂನ್ 6

ಕೊರಿಯರ್‌ಗೆ ಕಟ್ಟುವಾಗ ನೋಡಿದೆ. ಇವರ ಸೆಟ್‌ಗಳಲ್ಲಿ ಮುಂದಿನ ಹಲ್ಲುಗಳೇ ಸಾಲು ತಪ್ಪಿವೆ. ಇವರು ಸ್ನಾನಕ್ಕೆ ಹೋಗಿದ್ದರು. ಹೆಸರಿನ ಚೀಟಿ ಅದಲು ಬದಲು ಮಾಡಿಬಿಟ್ಟೆ. ಮೂರೂ ಕಡೆಯದು. ನನ್ನ ಕೆಲಸ ಇವರದಾಯಿತು, ಇವರದು ನನ್ನದಾಯಿತು. ಒಂದು ಕಡೆಯಿಂದಾದರೂ ಇವರನ್ನು ಕರೆಯಲಿ — ಅಷ್ಟೇ ಆಸೆ.

ಜೂನ್ 19

ಮೂರೂ ಕಡೆಯಿಂದ ಕರೆ ಬಂತು. ಮೂರೂ ಇವರಿಗೇ! ನನಗೆ ಒಂದೂ ಇಲ್ಲ.

"ಬೇಜಾರು ಮಾಡ್ಕೋಬೇಡ ಕಣೇ. ನಿಂಗೂ ಸಿಗುತ್ತೆ. ಮುಂದಿನ ಹಲ್ಲು ಕೂರಿಸೋವಾಗ ಅವಸರ ಮಾಡ್ತೀಯ, ಅದೊಂದೇ ನಿನ್ನ ತೊಂದರೆ," ಎಂದರು.

ಹೂಂ ಎಂದೆ. ಸಂತೋಷಪಡಬೇಕೋ ಅಳಬೇಕೋ ತಿಳಿಯಲಿಲ್ಲ.

ಜೂನ್ 20, ರಾತ್ರಿ

ಬೆಳಿಗ್ಗೆಯಿಂದ ಅಳೆದು ತೂಗಿ ನೋಡುತ್ತಿದ್ದಾರೆ. ಆಸ್ಪತ್ರೆ ಹತ್ತಿರ, ಆದರೆ ಒಂದೇ ವರ್ಷದ ಕೆಲಸ. ತರಬೇತಿ ಶಾಲೆಯಲ್ಲಿ ಪಾಠ ಹೇಳಬೇಕು, ಸಂಬಳ ಅಷ್ಟಕ್ಕಷ್ಟೆ. ದೊಡ್ಡ ಲ್ಯಾಬ್ ಇರುವುದು ಬೇರೆ ಊರಿನಲ್ಲಿ. ವಾರಕ್ಕೊಮ್ಮೆ ಮನೆ, ದಿನವಿಡೀ ಕೈಕೆಲಸ.

"ಶಾಲೇನೇ ಒಪ್ಕೊಳ್ಳಿ ರೀ. ಹೇಳಿಕೊಡೋದ್ರಲ್ಲಿ ನಿಮ್ಮನ್ನ ಬಿಟ್ರೆ ಇಲ್ಲ."

"ಬರೀ ಬಾಯಲ್ಲಿ ಹೇಳೋ ಕೆಲಸ ನಂಗ್ಯಾಕೆ? ಈ ಕೈಗೆ ಬೆಲೆ ಕೊಡೋರು ಇರೋವಾಗ?"

ಆ ಕೈಯನ್ನೇ ಎತ್ತಿ ತೋರಿಸಿದರು. ಸಂಜೆವರೆಗೂ ಶಾಲೆಯ ಗುಣಗಾನ ಮಾಡಿ ನನ್ನ ಗಂಟಲು ಒಣಗಿತು.

ಜೂನ್ 22

ಶಾಲೆಗೂ ಆಸ್ಪತ್ರೆಗೂ ಫೋನ್ ಮಾಡಿ ಆಗುವುದಿಲ್ಲ ಎಂದುಬಿಟ್ಟರು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಶುಕ್ರವಾರ ದೊಡ್ಡ ಲ್ಯಾಬಿನಲ್ಲಿ ಎಲ್ಲರ ಮುಂದೆ ಕೂತು ಒಂದು ಸೆಟ್ ಮಾಡಿ ತೋರಿಸಬೇಕಂತೆ. ಅಷ್ಟು ಜನರ ಎದುರಿಗೆ... ಅದೂ ನಾನು ಮಾಡಿದ ಘನಂದಾರಿ ಕೆಲಸದಿಂದ.

ಹೇಳಲೇಬೇಕು. ಹೇಗೆ?

ಜೂನ್ 23

ಹೇಳಿದೆ.

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಹಳ ಹೊತ್ತು ಕಟ್ಟೆ ಒರೆಸಿದರು. ಆಮೇಲೆ "ಮೂರೂ ಕಡೇನಾ?" ಎಂದರು. ಹೌದೆಂದೆ.

"ಅವತ್ತು ನಾನೇ ನಿಂಗೆ ಸಮಾಧಾನ ಹೇಳಿದ್ನಲ್ಲೇ," ಎಂದು ನಕ್ಕರು. ಆ ನಗು ತಡೆಯಲಾಗದೆ ಅತ್ತುಬಿಟ್ಟೆ.

ಜುಲೈ 2

ಇಷ್ಟು ದಿನ ಬರೆಯುವ ಮನಸ್ಸಾಗಲಿಲ್ಲ. ನಾನು ಹೇಳಿದ ಮಾರನೆಯ ದಿನವೇ ಇವರು ದೊಡ್ಡ ಲ್ಯಾಬಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದರು. ಹಾಗಾದರೆ ಹೆಂಡತಿಯನ್ನೇ ಕಳಿಸಿ ಎಂದರಂತೆ ಅಲ್ಲಿನ ಮೇಡಂ. ಹೋಗಿ ಮಾಡಿ ತೋರಿಸಿ ಬಂದೆ. ಕೆಲಸ ಸಿಕ್ಕಿತು. ಸೋಮವಾರ ಸೇರಬೇಕು. ಹಾಸ್ಟೆಲಿನಲ್ಲಿ ರೂಮು ಕೊಡುತ್ತಾರೆ, ಒಬ್ಬರಿಗೆ ಮಾತ್ರ.

ನನ್ನ ಬಲವಂತಕ್ಕೆ ಇವರು ಶಾಲೆಗೆ ಮತ್ತೆ ಕೇಳಿದರು. ಬೇರೆಯವರು ಸೇರಿಯಾಗಿದೆ. ಮೊದಲೇ ಬಾಯಿ ಬಿಟ್ಟಿದ್ದರೆ ಆ ಕೆಲಸ ಇವರದಾಗುತ್ತಿತ್ತೇನೋ. ಎಲ್ಲ ಕೆಡಿಸಿದವಳು ನಾನೇ.

"ನಾನು ಹೋಗಲ್ಲ ರೀ. ನಿಮ್ಮನ್ನ ಒಬ್ಬರನ್ನೇ ಬಿಟ್ಟು..."

"ಇಬ್ರೂ ಕೂತು ಗೋಡೆ ನೋಡೋಣ್ವಾ? ನಾನೇನು ಮಗುನಾ? ಹೋಗು."

ಜುಲೈ 5, ಭಾನುವಾರ

ಬ್ಯಾಗ್ ತುಂಬುತ್ತಿದ್ದೆ. ಇವರು ಪೇಟೆಯಿಂದ ಬಂದರು. ಕವರ್ ತುಂಬ ಟೀ ಶರ್ಟು! ಟೀ ಶರ್ಟೆಂದರೆ ಮೂಗು ಮುರಿಯುವ ಮನುಷ್ಯ. ಮದುವೆಯಾದಾಗಿನಿಂದ ಇಸ್ತ್ರಿ ಮಾಡಿದ ಶರ್ಟು ಬಿಟ್ಟು ಬೇರೆ ಹಾಕಿದ್ದು ಕಂಡಿಲ್ಲ.

ಈಚೆಗೆ ಆ ಶರ್ಟಿನ ಗುಂಡಿ ಹಾಕುತ್ತಿದ್ದವಳು ನಾನು. ದಿನಾ ಬೆಳಿಗ್ಗೆ ಇವರು ಕಿಟಕಿ ಕಡೆ ನೋಡುತ್ತ ನಿಲ್ಲುತ್ತಾರೆ, ನಾನು ಹಾಕುತ್ತೇನೆ. ಅದರ ಬಗ್ಗೆ ಇಬ್ಬರೂ ಈವರೆಗೆ ತುಟಿ ಬಿಚ್ಚಿಲ್ಲ.

ಒಂದನ್ನು ತಲೆಯಿಂದ ಎಳೆದು ಹಾಕಿಕೊಂಡರು. ಹೊತ್ತು ಹಿಡಿಯಿತು. ನನ್ನನ್ನು ಹತ್ತಿರ ಬರಬೇಡ ಎಂದರು. ಆಮೇಲೆ ಕನ್ನಡಿ ಮುಂದೆ ನಿಂತು, "ಹೇಗಿದೆ? ವಯಸ್ಸು ಕಮ್ಮಿ ಕಾಣುತ್ತಾ?"

ಕಾಣುತ್ತೆ ಎಂದೆ. ಕತ್ತಿನ ಹಿಂದೆ ಅಂಗಡಿಯ ಟ್ಯಾಗ್ ಜೋತಾಡುತ್ತಿತ್ತು. ಕಿತ್ತು ಹಾಕಿದೆ. ಕಿತ್ತ ಮೇಲೂ ಕೈ ಅಲ್ಲೇ ಇಟ್ಟುಕೊಂಡು ನಿಂತೆ.