ರಿಸೀವರ್ ಮೇಜಿನ ಮೇಲಿದ್ದಾಗ

ಪ್ರಿಯ ಪಾಲಾಕ್ಷ,

ಅಲ್ಲ, ಅಷ್ಟರಲ್ಲೇ ಆ ಕೊರಟಗೆರೆ ಬಸ್ಸು ಬಂದುಬಿಟ್ಟಿತಲ್ಲ. "ನೀನು ಮೆಟ್ಲು ಇಳಿಯೋಗಂಟ ಆಯಮ್ಮ ನಿನ್ನ ಬಗ್ಗೆ ಏನೇನೋ ಅಂತಿತ್ತು ಕಣ್ಲಾ. ಡಬ್ಬಿ ಮಾಡ್ಬುಟ್ಟೆ, ಅದೂ ನಿಂತೋಯ್ತು" ಅಂದೆ. ಇಷ್ಟಂದು ನೀನು ಬಸ್ಸು ಹತ್ತಿ ಕೂತೆ. ನಿನ್ನೆ ನನ್ನ ಹೆಂಡತಿ ಅಮೀರ್ ಬಿ ತೀರಿಕೊಂಡ ನಲವತ್ತನೇ ದಿನದ ಊಟಕ್ಕೆ ಬಂದವರೆಲ್ಲ ಅವಳ ಕೈರುಚಿ ನೆನೆದರು, ನಮಾಜು ನೆನೆದರು. ಅವಳ ಮಾತು ನೆನೆದವನು ನೀನೊಬ್ಬ. ಏನು ಅಂತಿದ್ದಳು ಎಂದು ಕೇಳುವುದರೊಳಗೆ ಶಿರಾ ಬಸ್‌ಸ್ಟ್ಯಾಂಡಿನಲ್ಲಿ ಧೂಳಷ್ಟೇ ಉಳಿದಿತ್ತು.

ಬೆಳಿಗ್ಗೆ ಎದ್ದು ಆ ಡಬ್ಬಿ ಬಿಚ್ಚಿದೆ. ಫೋನಿಗೆ ನಾನೇ ಜೋಡಿಸಿದ್ದ ಹಳೇ ಸೋಪಿನ ಡಬ್ಬಿ. ಒಳಗೆ ಒಂದು ರೆಸಿಸ್ಟರ್, ಒಂದು ಸ್ವಿಚ್, ಜೋಳದ ಕಾಳಿನಷ್ಟು ಕೆಂಪು ದೀಪ. ಸ್ವಿಚ್ ಒತ್ತಿ ರಿಸೀವರ್ ಫೋನಿನ ಮೇಲೆ ಇಟ್ಟರೂ ಲೈನು ಕಡಿಯುವುದಿಲ್ಲ, ಮನೆಯ ಸದ್ದು ಮಾತ್ರ ಆಚೆ ಹೋಗುವುದಿಲ್ಲ. ತುಮಕೂರಿನ ಕಾಲೇಜಿನಲ್ಲಿ ಇಬ್ಬರೂ ಕರೆಂಟಿನ ನಿಯಮ ಬಾಯಿಪಾಠ ಮಾಡಿದ್ದೆವಲ್ಲ, ದಿ ಕರೆಂಟ್ ಈಸ್ ಡೈರೆಕ್ಟ್‌ಲೀ ಪ್ರಪೋರ್ಷನಲ್ ಟು... ಯಾವುದಕ್ಕೋ. ಕೊನೆಗೆ ಪ್ರೊವೈಡೆಡ್ ಎಂದು, ಹೀಗಿದ್ದರೆ ಮಾತ್ರ ಅನ್ನುವ ಒಂದು ಬಾಲವಿತ್ತು. ಆ ಪ್ರೊವೈಡೆಡ್ ಒಂದೇ ಈಗ ಸರಿಯಾಗಿ ನೆನಪಿರುವುದು.

ಭಾನುವಾರ ನಿನ್ನ ಫೋನ್ ಬಂದರೆ ಅವಳೇ ಎತ್ತುತ್ತಿದ್ದಳು. "ತಡೀರಿ ಅಣ್ಣಾ" ಎಂದು ರಿಸೀವರನ್ನು ಮೇಜಿನ ಮೇಲೆ ಮಲಗಿಸಿ, ಮಹಡಿಯಲ್ಲಿ ರೇಡಿಯೋ ಬಿಚ್ಚಿಕೊಂಡು ಕೂತಿದ್ದ ನನ್ನನ್ನು ಕೂಗುವಳು. ನಾನು ಇಳಿದು ಬರುವ ತನಕ ಅವಳ ಬಾಯಿ ಸುಮ್ಮನಿರುತ್ತಿರಲಿಲ್ಲ. ಒಮ್ಮೆ ನೀನು, "ಏನ್ಲಾ, ಇವತ್ತೂ ಕೊಳೆತ ಬದನೆಕಾಯೇ ತಂದಿದ್ದೀಯಂತೆ" ಎಂದು ನಕ್ಕೆ. ಮನೆಯ ಮರ್ಯಾದೆ ತಂತಿ ಹಿಡಿದು ಕೊರಟಗೆರೆವರೆಗೂ ನಡೆದುಹೋಗುತ್ತಿದೆ ಅನ್ನಿಸಿತು. ಮುಂದಿನ ಭಾನುವಾರದೊಳಗೆ ಡಬ್ಬಿ ತಯಾರು. ಒತ್ತುವುದನ್ನು ಕಲಿಸಿದಾಗ ಅವಳು, "ನನ್ನ ಬಾಯಿ ಮುಚ್ಚೋಕೆ ಇಷ್ಟೊಂದು ಓದಿದ್ರಾ?" ಎಂದಳು. ಆದರೂ ಅಂದಿನಿಂದ ತಪ್ಪದೆ ಒತ್ತಿದಳು. ನೀನೂ ಆಮೇಲೆ ಫೋನ್ ಮಾಡುವುದು ಕಡಿಮೆಯಾಯಿತು. ಕಾರಣ ನಾನು ಕೇಳಲಿಲ್ಲ.

ಈಗ ನೋಡು, ಆ ಮಾತುಗಳ ಹೊತ್ತಿಗೆ ನಾನು ಯಾವತ್ತೂ ಮೆಟ್ಟಿಲ ಮೇಲೆಯೇ. ಕೆಳಗಿದ್ದದ್ದು ಅವಳು, ಮತ್ತೆ ಮೇಜಿನ ಮೇಲೆ ನಿನ್ನ ಕಿವಿ. ನಲವತ್ತೊಂದು ವರ್ಷ ಜೊತೆಗಿದ್ದೂ ನಾನು ಕೇಳದೇ ಹೋದದ್ದನ್ನು ನೀನು ಕೇಳಿದ್ದೀಯೆ. ಮೊಬೈಲಿನಲ್ಲಿ ಅವಳ ಫೋಟೊ ಇದೆ, ಧ್ವನಿ ಇಲ್ಲ. ನನ್ನ ಬೆನ್ನ ಹಿಂದೆ ಒಂದಾದರೂ ಒಳ್ಳೆಯ ಮಾತು ಅಂದಿದ್ದಳೇ? ಇಲ್ಲದಿದ್ದರೆ ಬೈದದ್ದನ್ನೇ ಹೇಳು. ಅದೂ ಅವಳದೇ ತಾನೆ.

ಬರುವ ಭಾನುವಾರ ಹಳೇ ನಂಬರಿಗೇ ಮಾಡು, ಲೈನು ಇನ್ನೂ ಇದೆ. ಡಬ್ಬಿಯ ಎರಡು ತಂತಿಯನ್ನೂ ಕತ್ತರಿಸಿದ್ದೇನೆ. ನಾನು ಮೇಜಿನ ಪಕ್ಕದಲ್ಲೇ ಇರುತ್ತೇನೆ, ಮಹಡಿಗೆ ಹೋಗುವುದಿಲ್ಲ. ನಿಧಾನವಾಗಿ ಹೇಳು, ಫೋನಿಗೆ ಬಸ್ಸಿನ ಅವಸರವಿಲ್ಲ.

ಅಕ್ಷರ ಕಾಣುತ್ತಿಲ್ಲ, ಬೆಳಕು ಹೋಗುತ್ತಿದೆ. ಈ ಹೊತ್ತಿಗೆ ಬಂದು ದೀಪ ಹಾಕುತ್ತಿದ್ದವಳು ಅವಳು. ಇಷ್ಟು ಹೊತ್ತೂ ಯಾರೋ ಹಾಕುತ್ತಾರೆಂದೇ ಕೂತಿದ್ದೆ.

ನಿನ್ನ ಕಿವಿ ಗಟ್ಟಿಯಾಗಿರಲಿ. ದೇವರು ನಿನಗೆ ಮರೆವು ಕೊಡದಿರಲಿ.

ನಿನ್ನ,
ಕುತುಬುದ್ದೀನ್