ನಿನ್ನ ಅಂಗಿ ತೊಟ್ಟ ಗೊಂಬೆ

ಗ್ವಾಯಾಕಿಲ್
ಜನವರಿ ೪

ಪ್ರೀತಿಯ ಅಪ್ಪಾ,

ಸೊಂಟನೋವು ಹೇಗಿದೆ? ಬಾಳೆಗೊನೆ ಹೊರುವುದು ಬಿಟ್ಟು ಪೆಟ್ಟಿಗೆ ತುಂಬುವ ಕೆಲಸ ಕೇಳಿಕೋ ಎಂದು ಅಜ್ಜಿ ಹೇಳಿದರೂ ಕೇಳುವವನಲ್ಲ ನೀನು, ಗೊತ್ತು. ಮಚಾಲಾದಲ್ಲಿ ಅಜ್ಜಿ ಮಾಡುವ ಬಾಳೆಕಾಯಿ ಉಂಡೆ ನೆನೆದರೆ ಇಲ್ಲಿ ನನಗೆ ಬಾಯಲ್ಲಿ ನೀರೂರುತ್ತದೆ. ಅಮ್ಮ ಚೆನ್ನಾಗಿದ್ದಾಳೆ. ತಮ್ಮ ಇಸಾಯಸ್ ಚೆನ್ನಾಗಿಲ್ಲ. ಅದನ್ನು ಹೇಳಲೆಂದೇ ಬರೆಯುತ್ತಿದ್ದೇನೆ, ಸ್ವಲ್ಪ ತಾಳು.

ನೀವಿಬ್ಬರೂ ಬೇರೆಯಾದ ಮೇಲೆ ಶಾಲೆಯ ರೊಸಾಲ್ಬಾ ಟೀಚರ್ ನನಗೊಂದು ನೋಟ್‌ಬುಕ್ ಕೊಟ್ಟರು. ಯಾರಿಗಾದರೂ ಹೊಡೆಯಬೇಕೆನಿಸಿದಾಗ ಇದರಲ್ಲಿ ಬರೆ ಅಂದರು. ಮೊದಲ ವಾರ ಬರೆಯಲಿಲ್ಲ, ಪೆನ್ನಿನಿಂದ ಚುಚ್ಚಿ ಚುಚ್ಚಿ ಹತ್ತು ಹಾಳೆ ತೂತು ಮಾಡಿದೆ. ಆಮೇಲೆ ಬರೆಯತೊಡಗಿದೆ. ವಿಚ್ಛೇದನದ ಮಾತು ಬಂದ ದಿನ ನೀನು ಟಿವಿ ಎತ್ತಿ ಎಸೆದದ್ದು, ಅಮ್ಮ ನಿನ್ನ ಕೈಗೆ ಬಿಸಿ ಎಣ್ಣೆ ಎರಚಿದ್ದು, ನಾನು ಇಸಾಯಸ್‌ನ ಕಿವಿ ಮುಚ್ಚಿ ಮಂಚದಡಿ ಕೂತದ್ದು, ಎಲ್ಲ ಅದರಲ್ಲಿದೆ. ಬರೆದ ದಿನ ಕೈ ತಣ್ಣಗಿರುತ್ತಿತ್ತು. ಡಿಸೆಂಬರ್ ಮೂವತ್ತೊಂದರ ಬೆಳಿಗ್ಗೆ ನಾನು ಬರೆಯಲಿಲ್ಲ.

ಹಳೆವರ್ಷವನ್ನು ಬಡಿದು ಸುಟ್ಟು ಕಳಿಸುವ ಗೊಂಬೆಗೆ ಈ ಸಲ ಅಮ್ಮ ನಿನ್ನ ನೀಲಿ ಅಂಗಿಯನ್ನೇ ತೊಡಿಸಿದಳು. ಮರದ ಹೊಟ್ಟು ತುಂಬಿ, ಕಾಗದದ ಮುಖಕ್ಕೆ ನಿನ್ನ ಮೀಸೆ ಬರೆದು, ಮಧ್ಯಾಹ್ನವೇ ಬಾಗಿಲ ಮುಂದೆ ಕುರ್ಚಿಯಲ್ಲಿ ಕೂರಿಸಿದಳು. ಸುಡುವುದು ರಾತ್ರಿಗಾದರೂ ಬಡಿಯಲು ನಮ್ಮ ಬೀದಿಯವರು ಅಷ್ಟು ಹೊತ್ತು ತಡೆಯುತ್ತಾರೆಯೇ? ಹಸಿಂತೊ ಮಾಮ ಪ್ರತಿವರ್ಷದಂತೆ ಸಾಯುವ ಹಳೆವರ್ಷದ ವಿಧವೆಯ ವೇಷ ಹಾಕಿ, ಅಮ್ಮನ ಲಂಗ ಉಟ್ಟು, ಗೊಂಬೆಯ ಕಾಲು ಹಿಡಿದು "ಅಯ್ಯೋ, ಹೋಗ್ಬಿಟ್ಯಲ್ಲೋ ನನ್ ರಾಜಾ! ಒದೀತಿದ್ರೂ ನನ್ ಗಂಡ ಕಣ್ರೋ!" ಎಂದು ಎದೆ ಬಡಿದುಕೊಂಡು ಅತ್ತ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಮ್ಮ ನಿನ್ನ ಹಳೆಯ ಬೆಲ್ಟನ್ನು ನನ್ನ ಕೈಗಿಟ್ಟು "ಬಾರ್ಸೇ ಜೊಮೈರಾ, ಒಂದ್ ವರ್ಷದ್ದೆಲ್ಲಾ ತೀರಿಸ್ಕೊ" ಅಂದಳು.

ನಾನು ಬಾರಿಸಿದೆ. ಮುಖ ಹರಿಯಿತು, ತೋಳು ಕಿತ್ತು ಬಂತು, ಎದೆಯಿಂದ ಹೊಟ್ಟು ಸುರಿಯಿತು. ಸುಳ್ಳು ಹೇಳುವುದಿಲ್ಲ ಅಪ್ಪಾ, ತುಂಬ ಹಿತವೆನಿಸಿತು. ಅಷ್ಟರಲ್ಲಿ ಇಸಾಯಸ್ ಓಡಿಬಂದು ಗೊಂಬೆಯನ್ನು ತಬ್ಬಿಕೊಂಡ. ಐದು ವರ್ಷದವನು, ಅಂಗಿಯಲ್ಲಿ ನಿನ್ನ ವಾಸನೆ ಇತ್ತೇನೋ. "ಅಪ್ಪಂಗೆ ಹೊಡೀಬೇಡ್ವೇ, ಅಪ್ಪಂಗೆ ನೋಯ್ತದೆ!" ಅಂದ. "ಬಿಡೋ" ಅಂದೆ. ಬಿಡಲಿಲ್ಲ. ಬೀಸಿದ ಬೆಲ್ಟಿನ ಬಕಲ್ ಅವನ ಹುಬ್ಬಿಗೆ ಬಡಿಯಿತು. ಮೊದಲ ಏಟು ತಪ್ಪಿ ಬಿದ್ದದ್ದು. ಆಮೇಲಿನ ಮೂರು ತಪ್ಪಿ ಬಿದ್ದವಲ್ಲ. ಹಸಿಂತೊ ಮಾಮ ಲಂಗ ಎತ್ತಿ ಕಟ್ಟಿ ನನ್ನನ್ನು ಎಳೆದುಹಾಕುವವರೆಗೂ ಹೊಡೆದೆ. ನೆಲದ ಮೇಲಿನ ಹೊಟ್ಟೆಲ್ಲ ಕೆಂಪಾಗಿತ್ತು.

ಏಳು ಹೊಲಿಗೆ. ಕಣ್ಣು ಉಳಿದಿದೆ. ಆಸ್ಪತ್ರೆಯಲ್ಲಿ ಅಮ್ಮ "ಅವರಪ್ಪ ಬಂದಿದ್ದ, ಅವನೇ ಹೊಡ್ದಿದ್ದು" ಅಂದಳು, ನರ್ಸ್ ಹಾಗೆಯೇ ಬರೆದುಕೊಂಡಳು. ಮನೆಗೆ ಬಂದ ಮೇಲೆ ನನಗೂ "ಹದಿನೈದನೇ ತಾರೀಕು ಕೋರ್ಟಲ್ಲಿ ಜಡ್ಜಮ್ಮ ಕೇಳಿದ್ರೆ ಹಂಗೇ ಹೇಳು. ಆಮೇಲೆ ಅವನು ನಿಮ್ ಹತ್ರ ಸುಳಿಯೋ ಹಂಗೇ ಇಲ್ಲ" ಅಂದಳು. ನಾನೇ ಹೊಡೆದದ್ದನ್ನು ಇಡೀ ಬೀದಿ ನೋಡಿದೆ, ಆದರೆ ಬೀದಿಯವರಿಗೆ ನಿನ್ನ ಮೇಲೆ ಎಷ್ಟು ಪ್ರೀತಿಯೆಂದು ನಿನಗೇ ಗೊತ್ತು. ಅಮ್ಮನ ಎದುರು ನಿಂತರೆ ನನಗೂ ನಿಜ ಹೇಳಲು ಬಾಯಿ ಬರುವುದಿಲ್ಲ.

ಇಸಾಯಸ್ ಈಗ ನನ್ನ ಪಕ್ಕ ಮಲಗಲು ಒಲ್ಲೆ ಅನ್ನುತ್ತಾನೆ. ತಲೆ ಬಾಚಲು ಕೈ ಎತ್ತಿದರೂ ಮುಖ ಮುಚ್ಚಿಕೊಳ್ಳುತ್ತಾನೆ. ನಿನ್ನೆದುರು ನಾನೂ ಹಾಗೇ ಮಾಡುತ್ತಿದ್ದೆ. ನನ್ನನ್ನು ಕಂಡರೆ ನನಗೇ ಹೇಸಿಗೆಯಾಗುತ್ತದೆ ಅಪ್ಪಾ.

ಅಜ್ಜಿಗೆ ನನ್ನ ಪರವಾಗಿ ಮುತ್ತು ಕೊಡು. ಕುಡಿಯಬೇಡ. ಮೇರಿ ಮಾತೆ ನಿನ್ನ ಸೊಂಟವನ್ನೂ ಸಿಟ್ಟನ್ನೂ ನೋಡಿಕೊಳ್ಳಲಿ.

ನಿನ್ನ ಮಗಳು,
ಜೊಮೈರಾ

ಮರೆತಿದ್ದೆ: ಅಮ್ಮ ಬಟ್ಟೆ ಒಗೆಯುತ್ತಿದ್ದಾಳೆ, ಬೇಗ ಹೇಳಿಬಿಡುತ್ತೇನೆ. ನೋಟ್‌ಬುಕ್ ಅವಳಿಗೆ ಸಿಕ್ಕರೆ ಒಲೆಗೆ ಹೋಗುತ್ತದೆ. ಅದಕ್ಕೇ, ತಮ್ಮನಿಗೆ ಹೊಡೆದವಳು ನಾನೇ ಎಂದು ಹೆಸರು ಹಾಕಿ ಬರೆದ ಹಾಳೆಯನ್ನು ಕಿತ್ತು ಇದರೊಳಗೆ ಇಟ್ಟಿದ್ದೇನೆ. ಜಡ್ಜಮ್ಮನಿಗೆ ತೋರಿಸಿದರೆ ನೀನು ಉಳಿದುಕೊಳ್ಳುತ್ತೀಯ. ಅದನ್ನು ಬೇಕೆಂದೇ ಆಗಸ್ಟ್ ತಿಂಗಳ ಹಾಳೆಯ ಹಿಂಬದಿಯಲ್ಲಿ ಬರೆದೆ. ಮುಂಬದಿಯಲ್ಲಿ, ನೀನು ಅಮ್ಮನ ಮಣಿಕಟ್ಟನ್ನು ಬಾಗಿಲಿಗೆ ಸಿಕ್ಕಿಸಿ ಮುರಿದದ್ದೂ, ಮೆಟ್ಟಿಲಿಂದ ಬಿದ್ದಳೆಂದು ಹೇಳು ಅಂತ ನನ್ನಿಂದ ಆಣೆ ಹಾಕಿಸಿಕೊಂಡದ್ದೂ ಇದೆ. ತೋರಿಸುವುದಾದರೆ ಎರಡೂ ಬದಿ ತೋರಿಸು ಅಪ್ಪಾ.